ಬಸ್ಸಿಳಿದ ಮೇಲಿನ ನಡಿಗೆ

ಕೊಳ್ಳೇಗಾಲ
26 ಜೂನ್ 2023

ಕವಿತ,

ಫೋನಿನಲ್ಲಿ ನಾವಿಬ್ಬರು ಮಾತಿಗೆ ಕೂತರೆ ಜಗಳವಾಗದೆ ಏಳುವುದಿಲ್ಲ. ಹೋದ ಭಾನುವಾರವೂ ಹಾಗೇ ಆಯಿತು. ನೀನು ಫೋನ್ ಇಟ್ಟ ಮೇಲೆ ನಿಮ್ಮ ಭಾವ, "ನೀವಿಬ್ರೂ ಕಾಗ್ದ ಬರ್ಕಳಿ. ಕಾಗ್ದದಲ್ಲಾದ್ರೆ ಒಬ್ರು ಮಾತಾಡ್ವಾಗ ಇನ್ನೊಬ್ರು ಸುಮ್ನಿರ್ಬೇಕಾಯ್ತದೆ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಬಸ್ ಸ್ಟ್ಯಾಂಡ್ ಊರಾಚೆಗೆ ಹೋಗುತ್ತದೆ ಎಂಬ ಸುದ್ದಿ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಯಳಂದೂರು ರಸ್ತೆಗೆ ಎನ್ನುವವರು ಕೆಲವರು, ಹನೂರು ರಸ್ತೆಗೆ ಎನ್ನುವವರು ಕೆಲವರು. ಎಲ್ಲಿಗೆ ಹೋದರೆ ಊರಿಗೆ ಒಳ್ಳೆಯದು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ ಪುಣೆಯ ನಿಮ್ಮ ಸಂಸ್ಥೆಗೆ ಬಂದಿದೆ, ಅದನ್ನು ಮಾಡುತ್ತಿರುವುದು ನೀನೇ ಎಂದು ನೀನೇ ಹೇಳಿದೆ. ಎಲ್ಲಿಗೆ ಎಂದು ಕೇಳಿದರೆ ಮಾತ್ರ ನಿನಗೆ ಸಿಟ್ಟು ಬಂತು.

ನಮ್ಮ ಮೆಸ್ ಇರುವುದೇ ಬಸ್ ಸ್ಟ್ಯಾಂಡಿನ ಬೆನ್ನಿಗೆ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಮಧ್ಯಾಹ್ನ ಕೂರಲು ಬೆಂಚು ಸಾಲುತ್ತಿಲ್ಲ. ಬಂಡಳ್ಳಿಯವರು, ನಮ್ಮ ಶಾಗ್ಯದವರು, ಬೆಟ್ಟದ ಕಡೆಯವರು, ಎಲ್ಲ ಬರುತ್ತಾರೆ. ಬಸ್ ಸ್ಟ್ಯಾಂಡ್ ಎದ್ದು ಹೋದರೆ ನಾವೂ ಎದ್ದು ಹೋಗಬೇಕು. ಮೊದಲೇ ಗೊತ್ತಿದ್ದರೆ ಒಳ್ಳೆಯ ಜಾಗ ನೋಡಿಕೊಳ್ಳಬಹುದು. ನಾನು ಕೇಳಿದ್ದು ಅಷ್ಟೇ. ಯಾವ ಕಡೆ?

ಅಮ್ಮ ಚೆನ್ನಾಗಿದ್ದಾಳೆ. ನೀನು ಸಣ್ಣಗಾಗಿದ್ದೀಯ ಎಂದು ಫೋಟೋ ನೋಡಿ ಅಳುತ್ತಾಳೆ. ನನಗೇನೂ ಹಾಗೆ ಕಾಣಲಿಲ್ಲ.

ನಿನ್ನ ಅಕ್ಕ,
ಯಶೋದ


ಪುಣೆ
10 ಜುಲೈ 2023

ಅಕ್ಕ,

ನಿನ್ನ ಕಾಗದ ಬಂತು. ಭಾವ ಹೇಳಿದ್ದು ಸರಿ.

ನನ್ನ ಕೆಲಸ ಏನೆಂದು ನಿನಗೆ ಒಮ್ಮೆಯೂ ಸರಿಯಾಗಿ ಹೇಳಿಲ್ಲ. ಊರನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಗುರುತು ಹಾಕಿಕೊಳ್ಳುತ್ತೇವೆ. ಯಾವ ಭಾಗದಲ್ಲಿ ಎಷ್ಟು ಮನೆ, ಎಷ್ಟು ಅಂಗಡಿ, ಜನ ಎಲ್ಲಿಂದ ಎಲ್ಲಿಗೆ ಯಾತಕ್ಕೆ ಓಡಾಡುತ್ತಾರೆ ಎಂಬುದನ್ನೆಲ್ಲ ಕಂಪ್ಯೂಟರಿಗೆ ಕೊಡುತ್ತೇವೆ. ಬಸ್ ಸ್ಟ್ಯಾಂಡಿನ ಜಾಗ ಬದಲಾದರೆ ಓಡಾಟ ಬದಲಾಗುತ್ತದೆ. ಓಡಾಟ ಬದಲಾದರೆ ಅಂಗಡಿಗಳು, ಆಮೇಲೆ ಮನೆಗಳು, ನಿಧಾನವಾಗಿ ಅದರ ಹಿಂದೆ ಹೋಗುತ್ತವೆ. ಅವು ಹೋದ ಮೇಲೆ ಓಡಾಟ ಮತ್ತೆ ಬದಲಾಗುತ್ತದೆ. ಮುಂದಿನ ಇಪ್ಪತ್ತು ವರ್ಷದ ಕೊಳ್ಳೇಗಾಲವನ್ನು ಹೀಗೆ ಕಂಪ್ಯೂಟರಿನೊಳಗೆ ನಡೆಸಿ ನೋಡುವುದಕ್ಕೆ ಮಾದರಿ ಎನ್ನುತ್ತೇವೆ. ಅದು ಭವಿಷ್ಯ ಹೇಳುವುದಿಲ್ಲ. ಹೀಗೆ ಮಾಡಿದರೆ ಬಹುಶಃ ಹೀಗಾದೀತು ಎನ್ನುತ್ತದೆ, ಅಷ್ಟೇ.

ಉತ್ತರ ಹೊರಗೆ ಹೇಳಬಾರದು ಎಂದು ನಮ್ಮಿಂದ ಸಹಿ ಹಾಕಿಸಿಕೊಂಡಿದ್ದಾರೆ. ಸಹಿ ಇಲ್ಲದಿದ್ದರೂ ಹೇಳಬಾರದು. ಒಬ್ಬರಿಗೆ ಗೊತ್ತಾದರೆ ಅವರು ಜಾಗ ಹಿಡಿಯುತ್ತಾರೆ, ಅವರನ್ನು ನೋಡಿ ಇನ್ನೊಬ್ಬರು ಹಿಡಿಯುತ್ತಾರೆ. ತೀರ್ಮಾನಕ್ಕೆ ಮೊದಲೇ ಊರು ಒಂದು ಕಡೆ ವಾಲಿಬಿಡುತ್ತದೆ. ಅದಕ್ಕೇ ಸಿಟ್ಟು ಬಂದದ್ದು. ನಿನ್ನ ಮೇಲಲ್ಲ.

ಅಂದಹಾಗೆ, ನಿನ್ನ ಮೆಸ್ಸಿಗೆ ಬರುವ ಹೆಂಗಸರಲ್ಲಿ ಹನೂರು ಕಡೆಯವರು ಎಷ್ಟು, ಯಳಂದೂರು ಕಡೆಯವರು ಎಷ್ಟು? ಸುಮ್ಮನೆ ಕುತೂಹಲಕ್ಕೆ ಕೇಳಿದೆ.

ಅಮ್ಮನಿಗೆ ನಾನು ಸಣ್ಣಗಾಗಿಲ್ಲ ಎಂದು ಹೇಳು.

ಕವಿತ


ಕೊಳ್ಳೇಗಾಲ
20 ಆಗಸ್ಟ್ 2023

ಕವಿತ,

ನಿನ್ನ ಕಾಗದವನ್ನು ನಿಧಾನವಾಗಿ ಓದಿದೆ. ಇನ್ನು ನಾನು ಏನೂ ಕೇಳುವುದಿಲ್ಲ.

ಬರುವವರಲ್ಲಿ ಹೆಚ್ಚಿನವರು ಶಾಗ್ಯ, ಬಂಡಳ್ಳಿ ಎಂದು ಹನೂರು ಕಡೆಯವರೇ. ಯಳಂದೂರು ಕಡೆಯವರು ಕೆಲಸ ಮುಗಿಸಿಕೊಂಡು ಊಟಕ್ಕೆ ಮನೆಗೇ ಹೋಗುತ್ತಾರೆ. ಹನೂರು ಕಡೆಯವರಿಗೆ ಊರು ದೂರ, ಅದು ಆಗುವ ಮಾತಲ್ಲ.

ಹನೂರು ರಸ್ತೆಯಲ್ಲಿ, ಊರನ್ನು ಬಳಸಿ ಹೋಗುವ ಹೊರಗಿನ ರಸ್ತೆ ಕೂಡುವ ತಿರುವಿನಲ್ಲಿ, ಪುಟ್ಟಮಲ್ಲಪ್ಪನವರದು ಒಂದು ಮನೆ ಖಾಲಿಯಿದೆ. ರಸ್ತೆಗೆ ಮುಖ, ಹಿಂದೆ ಹಿತ್ತಲು. ಬಾಡಿಗೆಗೆ ಮಾತಾಡಿ ಬಂದಿದ್ದೇನೆ. ನಿಮ್ಮ ಭಾವ ಮೊದಲು ಒಪ್ಪಲಿಲ್ಲ.

"ಇರೋ ಜಾಗ ಬುಟ್ಟು ಅಲ್ಲೋಗಿ ಯಾರ್ಗೆ ಮುದ್ದೆ ಆಕೀಯೆ? ಬಸ್ ಸ್ಟ್ಯಾಂಡ್ ಅಲ್ಗೇ ಬತ್ತದೆ ಅಂತ ಯಾರಂದ್ರು?" ಅಂದರು.

"ನಮ್ ಕವಿತನ ಕಾಗ್ದ ನೋಡ್ರಿ. ಬಾಯ್ಬುಟ್ಟು ಏಳಕ್ಕಾಗಾಕಿಲ್ಲ ಅಂತ ಪ್ರಶ್ನೆ ಕೇಳ್ದಂಗೆ ಬರ್ದವ್ಳೆ. ಅನೂರ್ ಕಡೆಯೋರು ಎಷ್ಟು ಅಂತ ಅವ್ಳು ಸುಮ್ ಸುಮ್ನೆ ಕೇಳಾಳಾ?" ಅಂದೆ.

ಕಾಗದವನ್ನು ಬೆಳಕಿಗೆ ಹಿಡಿದು ಓದಿದರು. ಆಮೇಲೆ ಒಪ್ಪಿದರು.

ದೀಪಾವಳಿಗೆ ಮುಂಚೆ ಸಾಮಾನು ಸಾಗಿಸುತ್ತೇವೆ.

ಯಶೋದ


ಪುಣೆ
2 ಸೆಪ್ಟೆಂಬರ್ 2023

ಅಕ್ಕ,

ನಾನು ಯಾವ ಸೂಚನೆಯನ್ನೂ ಕೊಟ್ಟಿಲ್ಲ. ಆ ಪ್ರಶ್ನೆ ಬರೀ ಪ್ರಶ್ನೆಯಾಗಿತ್ತು. ಅದನ್ನು ಕೇಳಬಾರದಿತ್ತು ಎಂದು ಈಗ ಅನಿಸುತ್ತಿದೆ.

ಹಳೆಯ ಜಾಗ ಬಿಡಬೇಡ. ತೀರ್ಮಾನ ಹೊರಬೀಳುವವರೆಗೆ ಕಾಯಿ. ಯಾರು ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ. ಇದರಲ್ಲೂ ಏನನ್ನೂ ಹುಡುಕಬೇಡ. ಭಾವನಿಗೂ ಹಾಗೇ ಹೇಳು.

ಕವಿತ


ಕೊಳ್ಳೇಗಾಲ
19 ನವೆಂಬರ್ 2023

ಕವಿತ,

ನಿನ್ನ ಕಾಗದ ಬರುವ ಹೊತ್ತಿಗೆ ಹಳೆಯ ಜಾಗವನ್ನು ಮೊಬೈಲ್ ಅಂಗಡಿಯವನಿಗೆ ಕೊಡುವ ಮಾತಾಗಿತ್ತು. ಈಗ ಹೊಸ ಕಡೆ ಇದ್ದೇವೆ. ಬೆಂಚುಗಳಿಗೆ ಬಣ್ಣ ಹೊಡೆಸಿದ್ದೇನೆ. ಹಿತ್ತಲಲ್ಲಿ ನುಗ್ಗೆ ಮರವಿದೆ. ಅಮ್ಮ ಅದರಡಿ ಕೂತು ಸೊಪ್ಪು ಬಿಡಿಸುತ್ತಾಳೆ.

ಊಟಕ್ಕೆ ಬರುವವರು ಕಡಿಮೆ. ಬಸ್ ಸ್ಟ್ಯಾಂಡ್ ಇನ್ನೂ ಊರೊಳಗೇ ಇದೆಯಲ್ಲ. ಆದರೆ ಈ ಕಡೆ ಕಳೆ ಬಂದಿದೆ. ನಮ್ಮನ್ನು ನೋಡಿ ಒಬ್ಬ ಹಣ್ಣಿನವನು ಬಂದ, ಅವನ ಪಕ್ಕಕ್ಕೆ ಜೆರಾಕ್ಸ್ ಅಂಗಡಿ ಬಂತು. ಎದುರಿನ ಹೊಲಕ್ಕೆ ಕಲ್ಲು ನೆಟ್ಟು ಸೈಟು ಮಾಡುತ್ತಿದ್ದಾರೆ. ಪುಟ್ಟಮಲ್ಲಪ್ಪನವರು ಬಿಳಿ ಶರಟು ಹಾಕಿಕೊಂಡು ದಿನವೂ ಬಂದು ನಿಲ್ಲುತ್ತಾರೆ. "ಎಲ್ಲಾ ನಿಮ್ ತಂಗ್ಯವ್ವನ ಪುಣ್ಯ ಕಣಮ್ಮ" ಎನ್ನುತ್ತಾರೆ. ನಾನು ಹೌದೂ ಅನ್ನುವುದಿಲ್ಲ, ಇಲ್ಲವೂ ಅನ್ನುವುದಿಲ್ಲ.

ನೀನು ಈ ಸಲ ಹಬ್ಬಕ್ಕೂ ಬರಲಿಲ್ಲ.

ಯಶೋದ


ಪುಣೆ
8 ಜನವರಿ 2024

ಅಕ್ಕ,

ಒಂದು ವಿಷಯ ಹೇಳಬೇಕು. ನಾನು ಇನ್ನು ಕೊಳ್ಳೇಗಾಲದ ಕೆಲಸದಲ್ಲಿಲ್ಲ.

ನೀನು ಜಾಗ ಬದಲಿಸಿದೆ ಎಂದು ಗೊತ್ತಾದ ಮೇಲೆ ನಾನು ಮಾದರಿಯನ್ನು ಮೊದಲಿನಿಂದ ನೋಡಲು ಕುಳಿತೆ. ಅದು ಆಗಲೇ ಮುಗಿದ ಕೆಲಸ. ಯಾರೂ ನೋಡು ಎಂದಿರಲಿಲ್ಲ. ನೋಡಿದಾಗ ಒಂದು ತಪ್ಪು ಸಿಕ್ಕಿತು. ಚಿಕ್ಕದಲ್ಲ. ತಿದ್ದಿದರೆ ಉತ್ತರವೇ ಬದಲಾಗಬಹುದು. ಯಾವ ಕಡೆಗೆ ಎಂದು ಈಗಲೂ ಬರೆಯುವುದಿಲ್ಲ.

ನಮ್ಮ ಮುಖ್ಯಸ್ಥರು ರಂಗನಾಥ ಸರ್. ಅವರ ಕೋಣೆಗೆ ಹೋಗಿ ತಪ್ಪನ್ನು ತೋರಿಸಿದೆ. ಹನೂರು ರಸ್ತೆಯಲ್ಲಿ ನನ್ನ ಅಕ್ಕನ ಮೆಸ್ ಇದೆ ಎಂದೂ ಹೇಳಿದೆ. ಅವರು ಲೆಕ್ಕವನ್ನು ಪರದೆಯ ಮೇಲೆ ತಾವೇ ಇನ್ನೊಮ್ಮೆ ಓಡಿಸಿ ನೋಡಿದರು.

"ತಪ್ಪು ನಿಜ," ಎಂದರು. "ನಿಮ್ಮ ಅಕ್ಕ ಅಲ್ಲಿ ಇಲ್ಲದಿದ್ದರೆ ನೀವು ಇದನ್ನು ಹುಡುಕುತ್ತಿದ್ದಿರಾ?"

"ಇಲ್ಲ ಸರ್" ಎಂದೆ.

"ಹಾಗಾದರೆ ಇನ್ನು ಮುಂದಿನದನ್ನು ನಾನು ಮಾಡುತ್ತೇನೆ. ನೀವು ಹೇಳಿದ್ದನ್ನೆಲ್ಲ ಜಾಗ ತೀರ್ಮಾನಿಸುವ ಸಮಿತಿಗೂ ಬರೆದು ತಿಳಿಸಬೇಕಾಗುತ್ತದೆ" ಎಂದರು.

ನನಗೆ ಬೇರೆ ಊರಿನ ಕೆಲಸ ಕೊಟ್ಟಿದ್ದಾರೆ. ಅವರ ಮೇಲೆ ನನಗೇನೂ ಬೇಸರವಿಲ್ಲ.

ಕವಿತ


ಪುಣೆ
3 ಏಪ್ರಿಲ್ 2024

ಅಕ್ಕ,

ನಿನ್ನಿಂದ ಉತ್ತರ ಬಂದಿಲ್ಲ. ತೀರ್ಮಾನ ಹೊರಬಿದ್ದಿದೆ, ಆದ್ದರಿಂದ ಈಗ ಬರೆಯಬಹುದು.

ನನ್ನ ಮೊದಲ ಲೆಕ್ಕದಲ್ಲಿ ಯಳಂದೂರು ರಸ್ತೆಯ ಜಾಗ ಮುಂದಿತ್ತು. ತಪ್ಪು ತಿದ್ದಿ ರಂಗನಾಥ ಸರ್ ಮಾಡಿದ ಲೆಕ್ಕದಲ್ಲಿ ಹನೂರು ರಸ್ತೆಯದು ಮುಂದೆ ಬಂತು. ಅವರು ಎರಡನ್ನೂ ಸಮಿತಿಯ ಮುಂದಿಟ್ಟರು. ಚಾಮರಾಜನಗರದ ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು, "ಲೆಕ್ಕ ಮಾಡಿದವಳೇ ತನ್ನ ಅಕ್ಕನಿಗೆ ಮೊದಲೇ ಹೇಳಿ ಜಾಗ ಹಿಡಿಸಿದ್ದಾಳೆ. ಕೊಳ್ಳೇಗಾಲದಲ್ಲಿ ಚಹಾ ಅಂಗಡಿಯವರಿಗೂ ಇದು ಗೊತ್ತು. ಈಗ ಲೆಕ್ಕವೂ ಅದೇ ಕಡೆಗೆ ತಿರುಗಿದೆ" ಎಂದರಂತೆ. ನಾನು ಬರೆದುಕೊಟ್ಟದ್ದನ್ನೇ ಸಾಕ್ಷಿಗೆ ಓದಿದರಂತೆ. ತಿದ್ದಿದ ಲೆಕ್ಕವನ್ನು ಬದಿಗಿಟ್ಟು ಮೊದಲಿನದನ್ನೇ ಒಪ್ಪಿಕೊಂಡರು. ಹೊಸ ಬಸ್ ಸ್ಟ್ಯಾಂಡ್ ಯಳಂದೂರು ರಸ್ತೆಗೆ.

ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಅನುಮಾನ ಪಡುತ್ತಿದ್ದೆ.

ಇದರಿಂದ ನಿನಗೆ ಆಗುವ ಕಷ್ಟ ನನಗೆ ಗೊತ್ತು.

ಕವಿತ


ಕೊಳ್ಳೇಗಾಲ
30 ಮೇ 2024

ಕವಿತ,

ತಪ್ಪು ಸಿಕ್ಕಿತು ಎಂದೆ. ತಿದ್ದಿ ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ತಪ್ಪು ನಿಜವೇ ಆಗಿತ್ತಲ್ಲ. ಸುಳ್ಳು ಹೇಳು ಎಂದು ಯಾರೂ ನಿನಗೆ ಹೇಳಿರಲಿಲ್ಲ. ನನ್ನ ಹೆಸರನ್ನು ಅಲ್ಲಿ ಯಾಕೆ ತಂದೆ? ನಿನ್ನ ಕೈ ತೊಳೆದುಕೊಳ್ಳುವುದಕ್ಕೆ ನನ್ನ ಮನೆಯ ನೀರೇ ಬೇಕಾಯಿತೇ?

ಎದುರಿನ ಸೈಟಿನ ಕಲ್ಲುಗಳನ್ನು ಮೇಕೆ ಕಟ್ಟುವುದಕ್ಕೆ ಬಳಸುತ್ತಿದ್ದಾರೆ. ಪುಟ್ಟಮಲ್ಲಪ್ಪನವರು ಈಗ ಈ ಕಡೆ ಬರುವುದಿಲ್ಲ. ಹಣ್ಣಿನವನು ಹೋದ. ನಿಮ್ಮ ಭಾವ ಎಲ್ಲರ ಹತ್ತಿರವೂ ಮುಖ ತಪ್ಪಿಸಿಕೊಂಡು ಓಡಾಡುತ್ತಾರೆ.

ಸದ್ಯಕ್ಕೆ ಬರೆಯಬೇಡ.

ಯಶೋದ


ಪುಣೆ
6 ನವೆಂಬರ್ 2024

ಅಕ್ಕ,

ಬರೆಯಬೇಡ ಎಂದೆ, ಬರೆಯಲಿಲ್ಲ. ಅಮ್ಮನ ಕಣ್ಣಿನ ಆಪರೇಷನ್ ಆಯಿತೆಂದು ಶಾಗ್ಯದ ಚಿಕ್ಕಮ್ಮನಿಂದ ಗೊತ್ತಾಯಿತು. ಎರಡು ಸಾಲು ಬರೆದರೆ ಸಾಕು.

ಕವಿತ


ಕೊಳ್ಳೇಗಾಲ
2 ಫೆಬ್ರವರಿ 2025

ಕವಿತ,

ಅಮ್ಮನ ಕಣ್ಣು ಚೆನ್ನಾಗಿದೆ. ಈಗ ನೀನು ನಿಜವಾಗಿಯೂ ಸಣ್ಣಗಾಗಿದ್ದೀಯ ಎನ್ನುತ್ತಾಳೆ.

ಹಳೆಯ ಬಸ್ ಸ್ಟ್ಯಾಂಡನ್ನು ಖಾಲಿ ಮಾಡಿಸಿದರು. ಸಂಕ್ರಾಂತಿಯಿಂದ ಬಸ್ಸುಗಳೆಲ್ಲ ಯಳಂದೂರು ರಸ್ತೆಯ ಮೈದಾನಕ್ಕೆ ಹೋಗುತ್ತಿವೆ. ಕಟ್ಟಡ ಆಮೇಲಂತೆ. ಹನೂರು ಕಡೆಯಿಂದ ಬರುವ ಬಸ್ಸು ನಮ್ಮ ಮೆಸ್ಸಿನ ಮುಂದೆ ಹಾದು, ತಿರುವಿನಲ್ಲಿ ಹೊರಗಿನ ರಸ್ತೆ ಹಿಡಿದು, ಊರನ್ನು ಸುತ್ತಿ ಆ ಕಡೆ ಹೋಗುತ್ತದೆ. ಎಲ್ಲೂ ನಿಲ್ಲಿಸುವುದಿಲ್ಲ. ಜನ ಅಲ್ಲಿ ಇಳಿದು ಮತ್ತೆ ಊರೊಳಗೆ ನಡೆದು ಬರಬೇಕು. ಆಟೋದವರಿಗೆ ಕೊಡಲು ಎಲ್ಲರ ಹತ್ತಿರ ದುಡ್ಡು ಇರುವುದಿಲ್ಲ.

ಹೋದ ವಾರ ಶಾಗ್ಯದ ಚಿಕ್ಕನಿಂಗಮ್ಮ, ನಮ್ಮ ಹಳೇ ಮನೆಯ ಹಿಂದಿನವಳು, ಬಸುರಿ ಸೊಸೆಯನ್ನು ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದಳು. ತಿರುವಿನಲ್ಲಿ ಬಸ್ಸು ನಿಧಾನ ಮಾಡಿದಾಗ ಇಳಿಸು ಎಂದು ಕೂಗಿಕೊಂಡಳಂತೆ, ನಿಲ್ಲಿಸಲಿಲ್ಲ. ಮೈದಾನದಿಂದ ಬಿಸಿಲಲ್ಲಿ ನಡೆದು ಬರುವಾಗ ಆ ಹುಡುಗಿ ಎರಡು ಸಲ ಕೂತುಬಿಟ್ಟಿದೆ. ಆಸ್ಪತ್ರೆಯಲ್ಲಿ ಚೀಟಿ ಕೊಡುವ ಹೊತ್ತು ಮುಗಿದಿತ್ತು. ನಾಳೆ ಬನ್ನಿ ಎಂದರಂತೆ. ಇಬ್ಬರೂ ನಮ್ಮಲ್ಲಿಗೆ ಬಂದು ಮಲಗಿದರು.

"ಬಸ್ಸು ಪ್ರೀ ಕೊಟ್ರು, ಕಾಲ್ಗೆ ಯಾರ್ ಕೊಟ್ಟಾರು ತಾಯಿ?" ಅಂದಳು ಚಿಕ್ಕನಿಂಗಮ್ಮ. ಆಮೇಲೆ, "ನಿನ್ ತಂಗಿ ಏನೋ ತಪ್ಪು ಇಡ್ದಿದ್ಲಂತಲ್ಲಾ, ಏನದು?" ಎಂದು ಕೇಳಿದಳು. ನಾನು ಅದನ್ನು ನಿನ್ನ ಹತ್ತಿರ ಕೇಳಿಯೇ ಇರಲಿಲ್ಲ.

ಏನು ತಪ್ಪಿತ್ತು? ನಮ್ಮಂಥವರಿಗೆ ತಿಳಿಯುವ ಹಾಗೆ ಬರೆ.

ಇನ್ನೊಂದು. ನಿನ್ನ ಕಾಗದ ಓದಿ ನಾನು ಮೋಸ ಹೋದೆ ಎಂದು ನೀನು ಕೊರಗುತ್ತಿರಬಹುದು. ಬೇಡ. ಹಳೆಯ ಅಡುಗೆಮನೆಗೆ ಕಿಟಕಿ ಇರಲಿಲ್ಲ. ನನಗೆ ಉಬ್ಬಸ ಹೆಚ್ಚಾಗಿ, ಒಲೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಪುಟ್ಟಮಲ್ಲಪ್ಪನವರ ಮನೆಯ ಹಿತ್ತಲು ನೋಡಿ ಆಸೆಯಾಯಿತು. ಉಬ್ಬಸ ಎಂದರೆ ನಿಮ್ಮ ಭಾವ ಮೆಸ್ಸನ್ನೇ ಮುಚ್ಚಿಸುತ್ತಿದ್ದರು. ತಂಗಿ ಹೇಳಿದ್ದಾಳೆ ಎಂದರೆ ಜಾಗ ಬದಲಿಸಲು ಒಪ್ಪುತ್ತಾರೆ ಎಂದು ಹಾಗೆ ಹೇಳಿದೆ. ಅವರು ಹೆಮ್ಮೆಯಿಂದ ಊರೆಲ್ಲ ಹೇಳಿಕೊಂಡು ಬಂದರು. ಅದು ಚಾಮರಾಜನಗರದವರೆಗೂ ಹೋಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಯಶೋದ


ಪುಣೆ
14 ಫೆಬ್ರವರಿ 2025

ಅಕ್ಕ,

ನಿನಗೆ ಉಬ್ಬಸ ಇತ್ತೆಂದು ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ನೀನು ಏದುಸಿರು ಬಿಡುತ್ತಿದ್ದದ್ದು ಸಿಟ್ಟಿಗೆ ಎಂದುಕೊಂಡಿದ್ದೆ. ಈಗ ಹೇಗಿದೆ?

ತಪ್ಪು ಇದು. ಸರ್ವೆಯವರು, ಎಲ್ಲಿಂದ ಹೊರಟಿರಿ, ಎಲ್ಲಿಗೆ ಬಂದಿರಿ ಎಂದು ಕೇಳಿದ್ದರು. ಶಾಗ್ಯದಿಂದ ಹೊರಟೆ, ಕೊಳ್ಳೇಗಾಲಕ್ಕೆ ಬಂದೆ ಎಂದು ಜನ ಹೇಳಿದ್ದರು. ನಾನು ಅದನ್ನು ಒಂದೇ ಪ್ರಯಾಣ ಎಂದು ತೆಗೆದುಕೊಂಡೆ. ಬಸ್ಸು ಇಳಿದ ಕೂಡಲೇ ಪ್ರಯಾಣ ಮುಗಿಯಿತು. ಆಮೇಲೆ ಆಸ್ಪತ್ರೆಗೆ, ಅಲ್ಲಿಂದ ಸಂತೆಗೆ, ಸಂತೆಯಿಂದ ಮಗಳ ಕಾಲೇಜಿಗೆ ಹೋಗಿ ಮತ್ತೆ ಬಸ್ಸಿಗೆ ಬರುವ ನಡಿಗೆ ಲೆಕ್ಕಕ್ಕೇ ಬರಲಿಲ್ಲ. ಗಂಡಸರು ಹೆಚ್ಚಾಗಿ ಒಂದು ಕೆಲಸಕ್ಕೆ ಬಂದು ಹೋಗುತ್ತಾರೆ, ಅವರಿಗೆ ವ್ಯತ್ಯಾಸ ಕಡಿಮೆ. ಹೆಂಗಸರಿಗೆ ಹೆಚ್ಚು. ನಡಿಗೆಗೆ ಬೆಲೆಯೇ ಇಲ್ಲ ಎಂದು ಕಂಪ್ಯೂಟರಿಗೆ ಹೇಳಿದ ಮೇಲೆ, ಬಸ್ ಸ್ಟ್ಯಾಂಡ್ ಎಷ್ಟು ದೂರ ಇದ್ದರೂ ಅದಕ್ಕೆ ಒಂದೇ. ಹನೂರು ರಸ್ತೆಯಿಂದ ಆಸ್ಪತ್ರೆ, ಸಂತೆ ಹತ್ತಿರ ಎಂಬುದು ಕಾಣದೆ, ಯಳಂದೂರು ರಸ್ತೆಯಲ್ಲಿ ಬಸ್ಸು ತಿರುಗಿಸಲು ಅನುಕೂಲ ಹೆಚ್ಚು ಎಂಬುದು ಮಾತ್ರ ಅದಕ್ಕೆ ಕಂಡಿತು.

ಇದೆಲ್ಲ ರಂಗನಾಥ ಸರ್ ಅವರ ವರದಿಯ ಕೊನೆಯಲ್ಲಿದೆ. ವರದಿ ಈಗ ಯಾರು ಬೇಕಾದರೂ ಕೇಳಿ ಓದಬಹುದಾದದ್ದು. ಬಸ್ ಸ್ಟ್ಯಾಂಡ್ ಇನ್ನು ಹಿಂದಕ್ಕೆ ಬರುವುದಿಲ್ಲ. ಹನೂರು ಕಡೆಯ ಬಸ್ಸುಗಳು ಹೊರಗಿನ ರಸ್ತೆ ಹಿಡಿಯದೆ ನೇರ ಊರೊಳಗೆ ಬಂದು, ಆಸ್ಪತ್ರೆಯ ಕ್ರಾಸಿನಲ್ಲಿ ಜನರನ್ನು ಇಳಿಸಿ, ಆಮೇಲೆ ಮೈದಾನಕ್ಕೆ ಹೋದರೆ ನಡಿಗೆಯ ಹೆಚ್ಚಿನ ಪಾಲು ತಪ್ಪುತ್ತದೆ. ಇದನ್ನೂ ಅವರು ಬರೆದಿದ್ದಾರೆ. ಯಾರೂ ಓದಿದ ಹಾಗಿಲ್ಲ.

ಕೇಳುವವರು ಕೇಳಲಿ. ನೀನು ಮುಂದೆ ನಿಲ್ಲಬೇಡ. ನಿನ್ನನ್ನು ನೋಡಿದರೆ ಮತ್ತೆ ಹಳೆಯ ಮಾತೇ ಬರುತ್ತದೆ.

ಕವಿತ


ಕೊಳ್ಳೇಗಾಲ
11 ಮೇ 2025

ಕವಿತ,

ನಾನು ಮುಂದೆ ನಿಲ್ಲಲಿಲ್ಲ. ಚಿಕ್ಕನಿಂಗಮ್ಮ ನಿಂತಳು. ಶಾಗ್ಯ, ಬಂಡಳ್ಳಿಯ ಹೆಂಗಸರು ಒಂದು ಬಸ್ಸು ತುಂಬ ಬಂದರು. ನಿನ್ನ ಕಾಗದವನ್ನು ನಾನು ನುಗ್ಗೆ ಮರದ ಕೆಳಗೆ ಅವರಿಗೆ ಓದಿ ಹೇಳಿದ್ದೆ. ಬಸ್ಸಿನ ಕಚೇರಿಯವರು ಮೊದಲು ಒಳಗೇ ಬಿಡಲಿಲ್ಲ. ಮೂರನೆಯ ಸಲ ನಾನೂ ಅವರ ಜೊತೆ ಹೋಗಿ ಹಿಂದೆ ನಿಂತಿದ್ದೆ, ಅವತ್ತು ಒಬ್ಬ ದೊಡ್ಡ ಅಧಿಕಾರಿ ಬಂದಿದ್ದರು. ಕೂತು ಕೇಳಿದರು. ವರದಿ ತರಿಸಿ ಆ ಕೊನೆಯ ಹಾಳೆಗಳನ್ನು ನಮ್ಮ ಮುಂದೆಯೇ ಓದಿದರು.

"ಊರೊಳಗೆ ಬಸ್ಸು ತಂದರೆ ಟ್ರಾಫಿಕ್ ಪೊಲೀಸರನ್ನು ಕೇಳಬೇಕು, ರಸ್ತೆ ಬದಿಯ ಗಾಡಿಗಳನ್ನು ತೆಗೆಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ," ಎಂದರು. "ಹನೂರು ರಸ್ತೆಯ ತಿರುವಿನಲ್ಲಾದರೆ ಬಸ್ಸು ಹೇಗೂ ನಿಧಾನವಾಗುತ್ತದೆ. ಅಲ್ಲೇ ಒಂದು ನಿಲುಗಡೆ ಕೊಡುತ್ತೇನೆ. ನಾಳೆಯಿಂದಲೇ ಆಗುತ್ತದೆ. ಒಪ್ಪಿಗೆಯೇ?"

ತಿರುವು ಎಂದರೆ ನನ್ನ ಮೆಸ್ಸಿನ ಬಾಗಿಲು.

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಚಿಕ್ಕನಿಂಗಮ್ಮ, "ಒಪ್ಕಳವ್ವ, ನಿನ್ಗೂ ಒಳ್ಳೇದಾಯ್ತದೆ. ಅಲ್ಲಿಂದ್ಲೂ ನಡೀಬೋದು, ಮೈದಾನಕ್ಕಿಂತ ಅತ್ರ ಅಲ್ವಾ?" ಅಂದಳು. ನಿಮ್ಮ ಭಾವ ಬಾಗಿಲ ಹತ್ತಿರ ನಿಂತಿದ್ದರು. ಅವರ ಮುಖ ನೋಡಿದರೆ ನಾನು ಹೂಂ ಅಂದುಬಿಡುತ್ತೇನೆಂದು ನೋಡಲಿಲ್ಲ.

"ನಿನ್ ಸೊಸೆ ಎರಡ್ ಸಲ ಕೂತ್ಕಂಡ್ಲು ಅಂದ್ಯಲ್ಲ, ಚಿಕ್ಕನಿಂಗಮ್ಮ," ಅಂದೆ. "ಅಲ್ಲಿಂದಾದ್ರೆ ಒಂದ್ ಸಲ ಕೂತ್ಕಬೇಕಾಯ್ತದೆ."

ಆಮೇಲೆ ಅಧಿಕಾರಿಗೆ, "ಆಸ್ಪತ್ರೆ ಕ್ರಾಸೇ ಆಗ್ಲಿ ಸಾ. ತಡ ಆದ್ರೂ ಕಾಯ್ತೀವಿ" ಅಂದೆ.

ಮನೆಗೆ ಬಂದ ಮೇಲೆ ನಿಮ್ಮ ಭಾವ ಕೈಕಾಲು ತೊಳೆದುಕೊಂಡು ಬಂದು, "ಉಬ್ಬಸ ಐತೆ ಅಂತ ಅವತ್ತೇ ಅಂದಿದ್ರೆ ನಾ ಬ್ಯಾಡ ಅಂತಿದ್ನಾ?" ಅಂದರು. ನುಗ್ಗೆ ಮರದಡಿ ನಿನ್ನ ಕಾಗದ ಓದುವಾಗ ಉಬ್ಬಸದ ಮಾತನ್ನು ಅಮ್ಮನ ಹಿಂದೆ ನಿಂತು ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ. ಅವರೇ ಎದ್ದು ಹೋಗಿ ಒಲೆ ಹಚ್ಚಿದರು. ಈಗ ಬೆಳಗಿನ ಅಡುಗೆ ಅವರದೇ.

ಹೋದ ಸೋಮವಾರದಿಂದ ಬಸ್ಸು ಊರೊಳಗೆ ಹೋಗುತ್ತಿದೆ. ಚಿಕ್ಕನಿಂಗಮ್ಮನ ಸೊಸೆಗೆ ಹೆಣ್ಣು ಮಗು. ಚಿಕ್ಕದಾಗಿದೆ, ಆದರೆ ಗಟ್ಟಿಯಾಗಿ ಅಳುತ್ತದೆ. ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಇರುವವರಿಗೆ ನಿಮ್ಮ ಭಾವ ಸೈಕಲ್ಲಿನಲ್ಲಿ ಊಟದ ಕ್ಯಾರಿಯರ್ ಒಯ್ಯುತ್ತಾರೆ. ಅದರಲ್ಲೇ ಹೇಗೋ ನಡೆಯುತ್ತಿದೆ. ಕೂತು ಉಣ್ಣಲು ಬರುವವರು ಹೆಚ್ಚಿಲ್ಲ. ಎರಡು ಬೆಂಚು ಒಳಗೆ ಎತ್ತಿಟ್ಟಿದ್ದೇನೆ.

ನಾನು ಬಾಗಿಲಲ್ಲಿ ನಿಂತಿರುವಾಗ ಶಾಗ್ಯದ ಬಸ್ಸು ಹಾದು ಹೋಗುತ್ತದೆ. ತಿರುವಿನಲ್ಲಿ ತಿರುಗದೆ ನೇರ ಊರಿನ ಕಡೆ ಹೋಗುತ್ತದೆ. ಕಿಟಕಿಯಲ್ಲಿ ಕೂತವರು ನನ್ನ ಕಡೆ ಕೈ ಬೀಸುತ್ತಾರೆ. ಕೈಯಲ್ಲಿ ಸೌಟು ಇದ್ದರೆ ನಾನೂ ಅದನ್ನೇ ಎತ್ತಿ ಬೀಸುತ್ತೇನೆ.

ನಿನ್ನ ಅಕ್ಕ,
ಯಶೋದ